ಬಾಣಾವರ ದಾಟಿದ ಮೇಲಿನ ನಡುಕ

ಬಾಣಾವರ ದಾಟಿ ಹೆದ್ದಾರಿ ಹತ್ತಿ, ಕಾರು ಇನ್ನೇನು ವೇಗ ಹಿಡಿಯಿತು ಅನ್ನುವಾಗ ಸ್ಟೀರಿಂಗ್ ನಡುಗತೊಡಗಿತು. ಪಕ್ಕದ ಸೀಟಿನಲ್ಲಿದ್ದ ರುಕ್ಮಿಣಮ್ಮನವರ ಕಣ್ಣಿಗೆ ಮೊದಲು ಬಿದ್ದದ್ದು ಸ್ಟೀರಿಂಗ್ ಅಲ್ಲ, ಅದನ್ನು ಹಿಡಿದಿದ್ದ ಗಂಡನ ಕೈ. ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಅಂಗಿಯ ತೋಳು ಕೂಡ ಅದುರುತ್ತಿತ್ತು.

“ಏನ್ರೀ ಅದು?”

“ಏನಿಲ್ಲ ಕಣೇ. ರಸ್ತೆ ಹಂಗೈತೆ.”

ರಸ್ತೆ ಚೆನ್ನಾಗಿಯೇ ಇತ್ತು. ನಂಜುಂಡಯ್ಯ ವೇಗ ಇಳಿಸಿದರು, ನಡುಕ ನಿಂತಿತು. ಏರಿಸಿದರು, ಮತ್ತೆ ಬಂತು. ಕೊನೆಗೆ ಎತ್ತಿನ ಗಾಡಿಯವರ ಹಾಗೆ ರಸ್ತೆಯ ಎಡಕ್ಕೇ ಅಂಟಿಕೊಂಡು ಅರಸೀಕೆರೆ ಮುಟ್ಟಿಸಿದರು. ಅಷ್ಟರಲ್ಲಿ ರುಕ್ಮಿಣಮ್ಮನವರ ಸರದಿಯ ಹೊತ್ತು ಮೀರಿತ್ತು.

ಹೊತ್ತು ಮೀರುವುದು ಆ ಮನೆಯ ಮಟ್ಟಿಗೆ ಸಣ್ಣ ಮಾತಲ್ಲ. ರುಕ್ಮಿಣಮ್ಮನವರ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಹತ್ತಿರದಲ್ಲೆಲ್ಲೂ ಸರದಿ ಸಿಗದೆ, ಹಳೇಬೀಡಿನಿಂದ ಜಾವಗಲ್, ಬಾಣಾವರದ ಮೇಲೆ ಅರಸೀಕೆರೆಗೆ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್‌ಗೆ ಹೋಗಬೇಕಿತ್ತು. ಬೆಳಗಿನ ಮೊದಲ ಸರದಿ ಅವರದು. ಅವರು ಏಳುವುದನ್ನೇ ಕಾಯುತ್ತ ಇನ್ನೊಬ್ಬರು ಹೊರಗೆ ಕೂತಿರುತ್ತಾರೆ. ತಡವಾಗಿ ಬಂದರೆ ತಡವಾದಷ್ಟೂ ಅವರ ಹೊತ್ತಿಗೇ ಕತ್ತರಿ. ಕತ್ತರಿ ಬಿದ್ದ ದಿನ ಮೈಯಲ್ಲಿ ತುಂಬಿದ ನೀರು ಪೂರ್ತಿ ಇಳಿಯುವುದಿಲ್ಲ. ಪಾದ ಊದುತ್ತದೆ, ಮಲಗಿದರೆ ಉಸಿರು ಎದೆಯಲ್ಲೇ ಸಿಕ್ಕಿಕೊಳ್ಳುತ್ತದೆ.

ಮನೆಯ ಅಡುಗೆ, ಊಟ, ಮಾತು ಎಲ್ಲವೂ ಆ ಎರಡು ದಿನಗಳ ಸುತ್ತಲೇ ತಿರುಗುತ್ತಿದ್ದವು. ಸೊಸೆ ಹೇಮಾಶ್ರೀ ಅತ್ತೆಗೆಂದು ತರಕಾರಿಯನ್ನು ಬೇರೆ ಬೇಯಿಸಿ, ಆ ನೀರು ಚೆಲ್ಲಿ, ಮತ್ತೆ ಬೇಯಿಸಿ, ಉಪ್ಪಿಲ್ಲದ ಪಲ್ಯ ಮಾಡುತ್ತಿದ್ದಳು. ದಿನಕ್ಕೆ ಕುಡಿಯಬಹುದಾದ ನೀರೆಲ್ಲ ಒಂದು ಸಣ್ಣ ಚೊಂಬಿನಲ್ಲಿ ಅಳತೆಯಾಗಿ ಬೆಳಿಗ್ಗೆಯೇ ಎದುರಿಗೆ ಬಂದು ಕೂರುತ್ತಿತ್ತು. ಎಳನೀರಂತೂ ವಿಷ ಎಂದಿದ್ದರು ಡಾಕ್ಟರು. ಕಣಕಟ್ಟೆಯ ತೆಂಗಿನ ತೋಟದಲ್ಲಿ ಹುಟ್ಟಿ ಬೆಳೆದ ಹೆಂಗಸಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇಕೆ?

ನಂಜುಂಡಯ್ಯ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅಪಘಾತವಿಲ್ಲದ ಸೇವೆಗೆಂದು ಕೊಟ್ಟ ಪದಕ ಹಜಾರದ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲೇ ಇತ್ತು; ಹಬ್ಬದ ದಿನ ಅದಕ್ಕೂ ಒಂದು ಹೂವು ಸಿಗುತ್ತಿತ್ತು. ನಿವೃತ್ತಿಯಾದಾಗ ಕೊಂಡ ಹಳೆಯ ಕಾರು ಅವರ ಪಾಲಿಗೆ ಕಡೆಯ ಬಸ್ಸು. ಗಾಡಿ ಒಂದೇ ಕೈಯಲ್ಲಿರಬೇಕು, ಕೈ ಬದಲಾದರೆ ಕೆಡುತ್ತದೆ ಅನ್ನುವುದು ಅವರ ಕಾನೂನು. ಹೇಮಾಶ್ರೀ ಅರೇಹಳ್ಳಿಯವಳು, ತವರಿನ ತೋಟದ ದಿಬ್ಬಗಳಲ್ಲಿ ಅಪ್ಪನ ಜೀಪು ಓಡಿಸಿಯೇ ಕಲಿತವಳು, ಲೈಸೆನ್ಸೂ ಇತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಕೀ ಕೇಳಿದ್ದಕ್ಕೆ ಮಾವ, ಲೈಸೆನ್ಸನ್ನು ಪರ್ಸಿನಲ್ಲಿ ಭದ್ರವಾಗಿ ಇಟ್ಟುಕೊಳ್ಳವ್ವ ಎಂದು ನಕ್ಕಿದ್ದರು. ಅವಳು ಮತ್ತೆ ಕೇಳಿರಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ನಂಜುಂಡಯ್ಯ ನಡುಕದ ವಿಷಯ ಮಗನಿಗೆ ಹೇಳಿದರು. ರಘು ಹಳೇಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ಪೇಂಟು, ಪೈಪು, ನಲ್ಲಿ ಮಾರುವ ಅಂಗಡಿ ಇಟ್ಟಿದ್ದ. ಯಾವ ತೊಂದರೆಗೂ ಅಂಗಡಿಯಲ್ಲೊಂದು ಡಬ್ಬಿ ಇದ್ದೇ ಇರುತ್ತದೆ ಎಂದು ನಂಬಿದವನು. ಹಿಂದಿನ ಶುಕ್ರವಾರ ಜಾವಗಲ್ ಹತ್ತಿರ ಕಾರು ಪಂಕ್ಚರಾಗಿ, ಅಮ್ಮ ಊದಿದ ಕಾಲು ಇಳಿಬಿಟ್ಟುಕೊಂಡು ಹೊಂಗೆ ಮರದ ಕೆಳಗೆ ಕೂತಿದ್ದನ್ನು, ಸುದ್ದಿ ತಿಳಿದು ಹೋದ ಅವನು ಕಣ್ಣಾರೆ ನೋಡಿದ್ದ. ಮಾರನೆಯ ದಿನವೇ ಕಾರನ್ನು ಹಗರೆಯ ಶಿವಯ್ಯನ ಟೈರ್ ಅಂಗಡಿಗೆ ಒಯ್ದು ಬಂದು, ಇನ್ನು ಮೇಲೆ ಪಂಕ್ಚರಿನ ಮಾತೇ ಇಲ್ಲ, ನಿಶ್ಚಿಂತೆಯಾಗಿರಿ ಎಂದಿದ್ದ. ಈಗಲೂ ಅಷ್ಟೇ ಧೈರ್ಯವಾಗಿ, ಚಕ್ರದ ಬ್ಯಾಲೆನ್ಸ್ ತಪ್ಪಿರುತ್ತದೆ, ಬೇಲೂರಿಗೆ ಒಯ್ದು ಮಾಡಿಸುತ್ತೇನೆ ಎಂದ.

ಮಾಡಿಸಿಯೂ ಬಂದ. ಯಂತ್ರ ಒಂದು ಸಲ ತೋರಿಸಿದ ಅಂಕಿಯನ್ನೇ ನಂಬಿ ಚಕ್ರದ ಅಂಚಿಗೆ ಸೀಸದ ತುಂಡು ಬಡಿಸಿಕೊಂಡು, ಬೇಲೂರಿನಿಂದ ತನ್ನ ಮಾಮೂಲಿ ವೇಗದಲ್ಲಿ ಬಂದ. ರಘುವಿನ ಮಾಮೂಲಿ ವೇಗವೆಂದರೆ ಹಿಂದೆ ಬರುವ ಹಾಲಿನ ಗಾಡಿಯವರು ಹಾರನ್ ಹೊಡೆದು, ಒಂದು ಮಾತು ಅಂದು, ದಾಟಿಕೊಂಡು ಹೋಗುವ ವೇಗ. ಐವತ್ತು ದಾಟಿದವನೇ ಅಲ್ಲ. ಸ್ಟೀರಿಂಗ್ ಒಂದಿಷ್ಟೂ ಅಲುಗಲಿಲ್ಲ ಎಂದು ಬಂದು ಹೇಳಿದ.

ಶುಕ್ರವಾರ ಬಾಣಾವರ ದಾಟಿದ ಮೇಲೆ ಅದೇ ನಡುಕ.

ನಂಜುಂಡಯ್ಯ ತಿಳಿಯದವರೇನಲ್ಲ. ಬ್ರೇಕ್ ಒತ್ತಿದಾಗ ನಡುಕ ಹೆಚ್ಚುವುದಿಲ್ಲ, ಆದ್ದರಿಂದ ಬ್ರೇಕಿನದಲ್ಲ. ಸೀಟು ಅದುರುವುದಿಲ್ಲ, ಸ್ಟೀರಿಂಗ್ ಅದುರುತ್ತದೆ, ಆದ್ದರಿಂದ ಹಿಂದಿನ ಚಕ್ರದ್ದಲ್ಲ. ಮುಂದಿನ ಎರಡು ಚಕ್ರ ಬಿಚ್ಚಿ ಹಿಂದಕ್ಕೆ ಹಾಕಿಸು, ಗೊತ್ತಾಗುತ್ತದೆ ಎಂದು ಮಗನಿಗೆ ಹೇಳಿದರು. ರಘು ಅದು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡಿಸಿದ. ಚಕ್ರಗಳ ನೇರ ನೋಡಿಸಿದ, ಸ್ಟೀರಿಂಗ್ ರಾಡಿನ ತುದಿಗಳನ್ನು ಬದಲಾಯಿಸಿದ. ಬೇಲೂರಿನ ಮೇಸ್ತ್ರಿ ವೇಗ ಹಿಡಿಯಲಾಗದ ಉಬ್ಬುಗಳ ರಸ್ತೆಯಲ್ಲೇ ಒಂದು ಸುತ್ತು ಓಡಿಸಿ ನೋಡಿ, ಗಾಡಿಯಲ್ಲಿ ಏನೂ ಇಲ್ಲ ಎಂದ. ಮಂಗಳವಾರ ಅದು ಮತ್ತೆ ನಡುಗಿತು. ಮತ್ತೆ ತಡ, ಮತ್ತೆ ಕತ್ತರಿ.

ಬುಧವಾರ ಬೆಳಿಗ್ಗೆ ರುಕ್ಮಿಣಮ್ಮ ಹಜಾರದಲ್ಲಿ ಕಾಲು ಚಾಚಿ ಕೂತು ತೆಂಗಿನಕಾಯಿ ನೋಡುತ್ತಿದ್ದರು. ಅಟ್ಟದ ಮೇಲೆ ಒಣಗಲು ಹಾಕಿದ ಕಾಯಿಯನ್ನು ಹೇಮಾಶ್ರೀ ಮಂಕರಿಯಲ್ಲಿ ಇಳಿಸಿ ತರುತ್ತಿದ್ದಳು. ಅತ್ತೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಒಳಗೆ ನೀರು ಕುಲುಕಿದರೆ ಅದು ಮತ್ತೆ ಅಟ್ಟಕ್ಕೆ. ನೀರು ಬತ್ತಿ ಕೊಬ್ಬರಿ ಗಿಟಕು ಚಿಪ್ಪಿನಿಂದ ಬಿಟ್ಟು ಲೊಟಲೊಟ ಅಂದರೆ ಸುಲಿಯುವುದಕ್ಕೆ. ಹುಡುಗಿಯಾಗಿದ್ದಾಗಿನಿಂದ ಕಣಕಟ್ಟೆಯಲ್ಲಿ ಈ ಕೆಲಸ ಅವರದೇ. ಮೈಯಲ್ಲಿ ಮಿಕ್ಕೆಲ್ಲವೂ ಕೈಬಿಟ್ಟರೂ ಕಿವಿ ಬಿಟ್ಟಿರಲಿಲ್ಲ.

ನಂಜುಂಡಯ್ಯ ಕಾಫಿ ಲೋಟ ಎತ್ತಿದರು. ಲೋಟದ ಅಂಚು ಹಲ್ಲಿಗೆ ತಗುಲಿ ಟಕಟಕ ಎಂದಿತು. ಎರಡು ಹನಿ ಪಂಚೆಯ ಮೇಲೆ ಬಿತ್ತು. ರಘು ಅದನ್ನು ನೋಡಿದ.

“ಅಪ್ಪ, ನಾನ್ ಓಡಿಸ್ದಾಗ ಅದು ನಡುಗಲ್ಲ. ಮೇಸ್ತ್ರಿ ಓಡಿಸ್ದಾಗ್ಲೂ ನಡುಗಲಿಲ್ಲ. ನೀವ್ ಕೂತಾಗ ಮಾತ್ರ ನಡುಗ್ತದೆ. ಏನ್ ಅನ್ಕೋಬೇಕು ನಾವು?”

“ಏನ್ ಅನ್ಕಂಡಿದ್ದೀಯೋ ಬಾಯ್ಬಿಟ್ಟು ಅನ್ನು.”

“ನಿಮ್ ಕೈ ನೋಡ್ಕಳಿ.”

ನಂಜುಂಡಯ್ಯ ಲೋಟವನ್ನು ನೆಲಕ್ಕಿಟ್ಟರು. ಘಾಟಿ ರಸ್ತೆಯಲ್ಲಿ, ಮಂಜಿನಲ್ಲಿ, ಬಸ್ಸಿನ ತುಂಬ ಮಲಗಿದ್ದ ಜನರನ್ನು ಹೊತ್ತು ತಂದು ಇಳಿಸಿದ ಕೈ ಇದು ಎಂದು ಕೂಗಾಡಿದರು. ಬೇಲೂರಿನಲ್ಲಿ ಹತ್ತು ನಿಮಿಷ ಓಡಿಸಿದವನ ಮಾತು ನಂಬುವ ಮಗ ಹೆತ್ತಪ್ಪನ ಮಾತು ನಂಬುವುದಿಲ್ಲ ಎಂದರು. ರಘುವೂ ದನಿ ಏರಿಸಿದ. ಅಮ್ಮ ಕೂರುವ ಗಾಡಿ ಅದು, ಪದಕ ಕೂರುವ ಗಾಡಿಯಲ್ಲ ಎಂದುಬಿಟ್ಟ.

ಕೊನೆಗೆ ನಂಜುಂಡಯ್ಯ ಹೆಂಡತಿಯ ಕಡೆ ತಿರುಗಿದರು.

“ನೀನು ಪಕ್ಕದಲ್ಲೇ ಕೂತಿರ್ತೀಯಲ್ಲ. ನೀನೇ ಹೇಳೇ. ನಡುಗೋದು ಗಾಡಿನೋ, ನಾನೋ?”

ರುಕ್ಮಿಣಮ್ಮನವರ ಕೈಯಲ್ಲಿ ಕಾಯಿ ಇತ್ತು. “ಗಾಡಿ ನಡುಗ್ತೈತೆ,” ಅಂದರು.

“ಅಪ್ಪನ ಕೈ?” ಎಂದ ರಘು.

ಅವರು ನೋಡಿದ್ದರು. ಅಂಗಿಯ ಗುಂಡಿ ಹಾಕಿಕೊಳ್ಳಲು ಗಂಡ ಗೋಡೆಯ ಕಡೆ ತಿರುಗುವುದನ್ನು, ಮುದ್ದೆ ಮುರಿದ ತುತ್ತು ಸಾರಿಗೆ ಮುಟ್ಟುವ ಮೊದಲೇ ತಟ್ಟೆಗೆ ಬೀಳುವುದನ್ನು, ಎಲ್ಲವನ್ನೂ ನೋಡಿದ್ದರು. ಗಾಡಿಯೂ ನಡುಗುತ್ತಿತ್ತು, ಕೈಯೂ ನಡುಗುತ್ತಿತ್ತು. ಒಂದು ಹೇಳಿದರೆ ಇನ್ನೊಂದನ್ನು ಯಾರೂ ಕೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು, ಮಂಕರಿಗೆ ಹಾಕಿದರು, ಇನ್ನೊಂದು ಎತ್ತಿಕೊಂಡರು.

ರಘುವಿಗೆ ಅಷ್ಟೇ ಸಾಕಾಯಿತು. ಎದ್ದು ಗೋಡೆಯ ಮೊಳೆಯಿಂದ ಕೀ ತೆಗೆದು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದ.

ಮುಂದಿನ ವಾರಗಳನ್ನು ಆ ಮನೆಯವರು ಯಾರೂ ನೆನೆಸಿಕೊಳ್ಳಲು ಇಷ್ಟಪಡುವುದಿಲ್ಲ. ಒಂದು ಶುಕ್ರವಾರ ರಘುವೇ ಅಮ್ಮನನ್ನು ಕರೆದೊಯ್ದ. ಅವನ ವೇಗಕ್ಕೆ ನಡುಕವೂ ಬರಲಿಲ್ಲ, ಹೊತ್ತಿಗೆ ಅರಸೀಕೆರೆಯೂ ಬರಲಿಲ್ಲ. ಆಮೇಲೆ ಹಬ್ಬದ ಮುಂದೆ ಊರೆಲ್ಲ ಗೋಡೆಗೆ ಬಣ್ಣ ಬಳಿಯುವ ಕಾಲ, ಅಂಗಡಿ ಬಿಡುವಂತಿರಲಿಲ್ಲ. ಬಾಡಿಗೆ ಕಾರಿನವನು ಒಂದು ವಾರ ಬಂದ, ಮರುವಾರ ಮದುವೆಯ ಬಾಡಿಗೆ ಸಿಕ್ಕಿತೆಂದು ಕೈಯೆತ್ತಿದ. ನಾನೇ ಓಡಿಸುತ್ತೇನೆ ಎಂದಳು ಹೇಮಾಶ್ರೀ. ಹೆದ್ದಾರಿಯ ಲಾರಿಗಳ ನಡುವೆ ಬೇಡ ಎಂದ ರಘು. ನನ್ನ ಕೈಯಲ್ಲಿಲ್ಲದ ಗಾಡಿ ಯಾರ ಕೈಯಲ್ಲೂ ಬೇಡ ಎಂದರು ನಂಜುಂಡಯ್ಯ. ಅಪ್ಪ ಮಗ ಆ ದಿನಗಳಲ್ಲಿ ಒಪ್ಪಿಕೊಂಡ ಮಾತು ಅದೊಂದೇ.

ಹೀಗೆ ಅತ್ತೆ ಸೊಸೆಗೆ ಬಸ್ಸೇ ಗತಿಯಾಯಿತು. ಹೋಗುವಾಗ ಹೇಗೋ ನಡೆಯುತ್ತಿತ್ತು, ಬರುವಾಗಿನದೇ ಕಷ್ಟ. ಡಯಾಲಿಸಿಸ್ ಮುಗಿಸಿ ಎದ್ದವರಿಗೆ ತಲೆ ನಿಲ್ಲುವುದಿಲ್ಲ, ಕಾಲು ತಮ್ಮದಲ್ಲ. ಒಂದು ಶುಕ್ರವಾರ ಬಾಣಾವರದಲ್ಲಿ ಬಸ್ಸು ಬದಲಾಯಿಸುವಾಗ ರುಕ್ಮಿಣಮ್ಮ ಸಿಮೆಂಟ್ ಬೆಂಚಿನ ಮೇಲೆ ಹಾಗೇ ವಾಲಿದರು. ಸೂಜಿ ಚುಚ್ಚಿದ ಕೈಯ ಪಟ್ಟಿ ನೆನೆದು ಸೀರೆಯ ಅಂಚಿಗೆ ರಕ್ತ ಇಳಿಯಿತು. ಹೇಮಾಶ್ರೀ ಒಂದು ಕೈಯಲ್ಲಿ ಗಾಯ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅತ್ತೆಯ ತಲೆಯನ್ನು ತೊಡೆಗೆ ಒತ್ತಿಕೊಂಡು ಕೂತಳು. ಜಾವಗಲ್ ಬಸ್ಸು ಬಂತು, ಹೋಯಿತು. ಇನ್ನೊಂದು ಬರುವವರೆಗೆ ಅವಳು ಹಾಗೇ ಕೂತಿದ್ದಳು. ಮನೆಗೆ ಬಂದವಳು ಗಂಡನ ಮುಂದೆ ತಟ್ಟೆ ಕುಕ್ಕಿದಳು.

“ನಿಮ್ಮಿಬ್ರ ಹಠದಲ್ಲಿ ಅತ್ತೆ ಹೋಗ್ತಾರೆ. ನೆನಪಿಟ್ಕೊಳ್ಳಿ.”

ನಂಜುಂಡಯ್ಯ ದಿನವೂ ಕಾರು ಒರೆಸುತ್ತಿದ್ದರು. ಎಲ್ಲೂ ಹೋಗದ ಕಾರಿನ ಮೇಲೆ ಎಷ್ಟು ಧೂಳು ಕೂತೀತು? ಆದರೂ ಒರೆಸುತ್ತಿದ್ದರು. ಒಂದು ಬೆಳಿಗ್ಗೆ ರುಕ್ಮಿಣಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದರು: ಗಂಡ ಹಿತ್ತಿಲ ತೊಟ್ಟಿಯ ಬಳಿ ನಿಂತು, ಲೋಟದ ತುಂಬ ನೀರು ತುಂಬಿ, ತೋಳು ನೇರ ಚಾಚಿ ಹಿಡಿದಿದ್ದರು. ನೀರು ಅಂಚಿನಿಂದ ತುಳುಕಿತು. ಕೈ ಬದಲಾಯಿಸಿ ಹಿಡಿದರು. ಎಡಗೈಯಲ್ಲಿ ಇನ್ನೂ ಹೆಚ್ಚು ತುಳುಕಿತು. ಸುತ್ತ ನೋಡಿ, ಯಾರೂ ಇಲ್ಲವೆಂದುಕೊಂಡು, ನೀರನ್ನು ದಾಸವಾಳದ ಬುಡಕ್ಕೆ ಸುರಿದು ಲೋಟವನ್ನು ಪಂಚೆಗೆ ಒರೆಸಿಕೊಂಡರು. ರುಕ್ಮಿಣಮ್ಮನವರಿಗೆ ಅಳು ಬಂತು. ಅತ್ತರೆ ಅಷ್ಟಾದರೂ ನೀರು ಹೊರಗೆ ಹೋಗುತ್ತದಲ್ಲ ಎಂದು ಹಿಂದೊಮ್ಮೆ ತಾವೇ ತಮಾಷೆ ಮಾಡಿದ್ದರು. ಈಗ ಆ ತಮಾಷೆ ಯಾತಕ್ಕೂ ಬರಲಿಲ್ಲ.

ಮುಂದಿನ ಮಂಗಳವಾರ ಅವರು ಏಳಲಿಲ್ಲ. ಇವತ್ತೊಂದು ದಿನ ಬೇಡ, ಬಸ್ಸು ನನ್ನ ಕೈಲಾಗುವುದಿಲ್ಲ ಎಂದರು. ಹೇಮಾಶ್ರೀ ಗೋಗರೆದಳು, ರಘು ಗದರಿದ, ನಂಜುಂಡಯ್ಯ ಬಾಗಿಲಲ್ಲಿ ಸುಮ್ಮನೆ ನಿಂತರು. ಯಾರ ಮಾತಿಗೂ ರುಕ್ಮಿಣಮ್ಮ ಜಗ್ಗಲಿಲ್ಲ. ತಮ್ಮಿಂದಲೇ ಗಂಡನ ಕೀ ಹೋಯಿತು, ತಮ್ಮಿಂದಲೇ ಸೊಸೆ ಬಸ್ ಸ್ಟ್ಯಾಂಡಿನಲ್ಲಿ ರಕ್ತ ಒರೆಸುವಂತಾಯಿತು, ತಮ್ಮಿಂದಲೇ ಮಗ ಅಪ್ಪನ ಎದುರು ನಿಂತ. ತಾವೊಬ್ಬರು ಇಲ್ಲದಿದ್ದರೆ ಈ ಮನೆಯಲ್ಲಿ ಎಲ್ಲರೂ ಬಿಸಿ ಊಟ ಮಾಡಿ ನಗುತ್ತಿರುತ್ತಿದ್ದರು ಎಂದು ಅವರಿಗೆ ಬಲವಾಗಿ ಅನ್ನಿಸಿತ್ತು. ಆ ದಿನ ಅಳತೆಯ ಚೊಂಬನ್ನು ಬದಿಗಿಟ್ಟು, ಮಣ್ಣಿನ ಹೂಜಿಯಿಂದಲೇ ಹೊಟ್ಟೆ ತುಂಬ ನೀರು ಕುಡಿದರು. ತಣ್ಣಗಿತ್ತು, ರುಚಿಯಾಗಿತ್ತು.

ಗುರುವಾರ ಬೆಳಗ್ಗೆ ಅದರ ಫಲ ಬಂತು. ಉಸಿರು ಒಳಗೆ ಹೋಗುತ್ತಿಲ್ಲ. ಮಲಗಲಾರರು, ಒರಗಲಾರರು, ನೆಟ್ಟಗೆ ಕೂತು ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದರು. ರಘು ಸರಕು ತರಲು ನಸುಕಿಗೇ ಯಾರದೋ ಗಾಡಿಯಲ್ಲಿ ಹಾಸನಕ್ಕೆ ಹೋಗಿದ್ದ. ಆಂಬುಲೆನ್ಸ್‌ಗೆ ಫೋನ್ ಮಾಡಿದರೆ, ಅದು ಇನ್ನೊಬ್ಬರನ್ನು ಹೊತ್ತು ದೂರ ಹೋಗಿತ್ತು, ತಿರುಗಿ ಬರಬೇಕಿತ್ತು. ಹೇಮಾಶ್ರೀ ಮಾವನ ಮುಖ ನೋಡಿದಳು. ಸ್ಕೂಟರ್ ಹತ್ತಿ ಅಂಗಡಿಗೆ ಹೋಗಿ, ತನ್ನ ಹತ್ತಿರವಿದ್ದ ಬೀಗದ ಕೈಯಿಂದ ಬಾಗಿಲೆತ್ತಿ, ಗಲ್ಲಾಪೆಟ್ಟಿಗೆಯಿಂದ ಕಾರಿನ ಕೀ ತಂದಳು. ಮಾವನ ಕೈಗೆ ಕೊಟ್ಟಳು.

ಜಾವಗಲ್ ದಾಟಿತು, ಬಾಣಾವರ ದಾಟಿತು. ನಂಜುಂಡಯ್ಯ ವೇಗ ಇಳಿಸಲಿಲ್ಲ. ಸ್ಟೀರಿಂಗ್ ಜ್ವರ ಬಂದವರಂತೆ ಗಡಗಡ ನಡುಗಿತು. ಎದುರಿಗೆ ಅಂಟಿಸಿದ್ದ ಪುಟ್ಟ ಗಣಪತಿ ನಡುಗಿತು, ಮುಂದಿನ ಗೂಡಿನಲ್ಲಿದ್ದ ಔಷಧದ ಚೀಟಿಗಳು ನಡುಗಿದವು. ಅದರಲ್ಲಿ ಗಾಡಿಯದೆಷ್ಟು, ಕೈಯದೆಷ್ಟು ಎಂದು ಬೇರೆ ಮಾಡುವಂತಿರಲಿಲ್ಲ. ರುಕ್ಮಿಣಮ್ಮನವರಿಗೆ ಕಣ್ಣು ಮಂಜಾಗುತ್ತಿತ್ತು. ಸಾಯಬೇಕೆಂದು ನೀರು ಕುಡಿದಿದ್ದವರಿಗೆ ಈಗ ಒಂದೇ ಆಸೆ, ಒಂದು ಉಸಿರು, ಇನ್ನೊಂದು ಉಸಿರು.

“ಎಳ್ಕೋ ಕಣೇ, ಎಳ್ಕೋ. ಬಂತು ಅರಸೀಕೆರೆ,” ಎನ್ನುತ್ತಲೇ ಇದ್ದರು ನಂಜುಂಡಯ್ಯ. ಹಿಂದಿನ ಸೀಟಿನಿಂದ ಹೇಮಾಶ್ರೀ ಅತ್ತೆಯ ಬೆನ್ನು ನೀವುತ್ತಲೇ ಇದ್ದಳು.

ಮುಟ್ಟಿಸಿದರು. ಒಳಗೆ ಒಯ್ದವರು ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಡಯಾಲಿಸಿಸ್ ಮಾಡಿ, ಒಂದು ರಾತ್ರಿ ಇರಿಸಿಕೊಂಡು, ಮಾರನೆಯ ದಿನ ಕಳಿಸಿದರು.

ಹೊರಗೆ ಬಂದ ನಂಜುಂಡಯ್ಯ ಕಾರನ್ನು ಮನೆಯ ಕಡೆ ತಿರುಗಿಸಲಿಲ್ಲ. ಕೀ ಮತ್ತೆ ಕೈಗೆ ಸಿಗುತ್ತದೋ ಇಲ್ಲವೋ, ಇವತ್ತು ಇದನ್ನು ಕಂಡುಹಿಡಿಯದೆ ಬಿಡುವುದಿಲ್ಲ ಎಂದು ಊರಂಚಿನ ಚನ್ನೇಶನ ಟೈರ್ ಅಂಗಡಿಯ ಮುಂದೆ ನಿಲ್ಲಿಸಿದರು. ಮುಂದಿನ ಎರಡೂ ಚಕ್ರ ಬಿಚ್ಚು ಎಂದರು. ಚನ್ನೇಶ್ ರುಕ್ಮಿಣಮ್ಮನವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಒಂದು ಚಕ್ರವನ್ನು ಬ್ಯಾಲೆನ್ಸ್ ಯಂತ್ರಕ್ಕೆ ಹಾಕಿ ತಿರುಗಿಸಿದ. ಒಂದು ಅಂಕಿ ಬಂತು. ಸೀಸ ಬಡಿದು ಮತ್ತೆ ತಿರುಗಿಸಿದ, ಸೊನ್ನೆ ಬರಬೇಕಾದಲ್ಲಿ ಬೇರೊಂದು ಅಂಕಿ. ಮೂರನೆಯ ಸಲ ಇನ್ನೊಂದು. ಯಂತ್ರ ಕೆಟ್ಟಿದೆ ಸಾರ್, ಸೋಮವಾರ ಬನ್ನಿ ಎಂದು ಚಕ್ರ ಕೆಳಗಿಳಿಸಿ, ಅತ್ತ ಉರುಳಿಸಿದ.

ಚಕ್ರ ರುಕ್ಮಿಣಮ್ಮನವರ ಕುರ್ಚಿಯ ಮುಂದೆಯೇ ಉರುಳಿ ಹೋಗಿ ಗೋಡೆಗೆ ಒರಗಿತು. ಅವರು ತಲೆ ಎತ್ತಿದರು.

“ಅದ್ನ ಇಲ್ಲಿ ತಾರಪ್ಪ. ಒಂದ್ಸಲ ಅಲ್ಲಾಡ್ಸು.”

ಚನ್ನೇಶ್ ನಗುತ್ತಲೇ ತಂದು ಅಲ್ಲಾಡಿಸಿದ. ರುಕ್ಮಿಣಮ್ಮ ಬಗ್ಗಿ ಕಿವಿ ಕೊಟ್ಟರು. ಇನ್ನೊಂದು ಸಲ ಎಂದರು. ಅಟ್ಟದ ಕಾಯಿಯ ಮುಂದೆ ಕೂತಾಗಿನ ಮುಖವೇ ಅದು, ಹೇಮಾಶ್ರೀಗೆ ಗುರುತು ಸಿಕ್ಕಿತು.

“ನೀರೈತೆ ಇದರಲ್ಲಿ,” ಅಂದರು.

ಟ್ಯೂಬಿಲ್ಲದ ಟೈರಿನಲ್ಲಿ ಗಾಳಿ ಬಿಟ್ಟು ಏನೂ ಇರುವುದಿಲ್ಲ ಅಮ್ಮ ಎಂದ ಚನ್ನೇಶ್. ಆದರೂ ಹಟ ಮಾಡುವವರ ಜೊತೆ ಯಾಕೆಂದು, ಗಾಳಿ ತುಂಬುವ ಮೂತಿಯನ್ನು ಕೆಳಗೆ ಬರುವಂತೆ ತಿರುಗಿಸಿ ಪಿನ್ನು ಬಿಚ್ಚಿದ. ಗಾಳಿಯ ಜೊತೆ ಹಸಿರು ನೀರು ಚಿಮ್ಮಿ ಅವನ ಅಂಗಿಗೆ ಬಿತ್ತು. ಟೈರು ಬಿಡಿಸಿದಾಗ ಒಳಗೆ ಲೀಟರುಗಟ್ಟಲೆ. ಚಕ್ರ ತಿರುಗಿದಂತೆಲ್ಲ ಆ ನೀರು ಒಂದೊಂದು ಕಡೆ ಗುಡ್ಡೆಯಾಗಿ, ಯಾವ ಸೀಸಕ್ಕೂ ಬಗ್ಗದೆ ಕುಣಿಯುತ್ತಿತ್ತು.

ಹೇಮಾಶ್ರೀ ಗಂಡನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಹಿಡಿದಳು. ವಿಷಯ ಕೇಳಿದ ರಘು ಆ ಕಡೆಯಿಂದ ಹೇಳಿದ.

“ಪಂಕ್ಚರ್ ಆಗ್ದಿರ್ಲಿ ಅಂತ ಟೈರೊಳಗೆ ತುಂಬೋ ಅಂಟು ಅದು. ಶಿವಯ್ಯನ ಹತ್ರ ಹಾಕಿಸ್ದೆ. ಅಮ್ಮ ಮುಂದೆ ಕೂರ್ತಾಳಲ್ಲ ಅಂತ ಮುಂದಿನ ಎರಡಕ್ಕೂ ಜಾಸ್ತಿ ಹಾಕು ಅಂದೆ. ಅದ್ರಿಂದ ಹಿಂಗಾಗುತ್ತೆ ಅಂತ ಯಾರಿಗ್ ಗೊತ್ತಿತ್ತು?”

ಶಿವಯ್ಯ ಟ್ರ್ಯಾಕ್ಟರ್ ಚಕ್ರಕ್ಕೆ ಭಾರಕ್ಕೆಂದು ನೀರು ತುಂಬಿ ರೂಢಿಯಾದವನು. ಜಾಸ್ತಿ ಎಂದರೆ ಎಷ್ಟು ಎಂದು ಕೇಳುವವನೇ ಅಲ್ಲ. ಅಂಟು ಸಾಲದ್ದಕ್ಕೆ ನೀರನ್ನೂ ಬೆರೆಸಿ ತುಂಬಿದ್ದ. ಎಲ್ಲ ತೊಳೆದು, ಒರೆಸಿ, ಹೊಸದಾಗಿ ಬ್ಯಾಲೆನ್ಸ್ ಮಾಡಿದಾಗ ಯಂತ್ರ ಸೊನ್ನೆ ತೋರಿಸಿ ಸುಮ್ಮನಾಯಿತು. ನಂಜುಂಡಯ್ಯ ಯಾರನ್ನೂ ಬೈಯಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ಹೆಂಡತಿಯ ಕಡೆ ನೋಡಿ ನಕ್ಕರು. ಎಷ್ಟೋ ವಾರಗಳ ಮೇಲೆ ನಕ್ಕಿದ್ದು.

ಹೆದ್ದಾರಿ ಹತ್ತಿದ ಮೇಲೆ ಬೇಕೆಂದೇ ವೇಗ ಏರಿಸಿದರು. ಅರವತ್ತು, ಎಪ್ಪತ್ತು, ಎಂಬತ್ತು. ಗಣಪತಿ ಕದಲಲಿಲ್ಲ. ಚೀಟಿಗಳು ಮಿಸುಕಲಿಲ್ಲ. ಹಿಂದಿನಿಂದ ಹೇಮಾಶ್ರೀ, ನಿಂತೇ ಹೋಯಿತು ಮಾವ ಎಂದು ಮಗುವಿನ ಹಾಗೆ ಹೇಳಿದಳು.

“ನಾನ್ ಹೇಳ್ಲಿಲ್ವಾ? ಗಾಡೀದೇ ಕಣವ್ವ,” ಅಂದರು ನಂಜುಂಡಯ್ಯ. “ಗಾಡೀದೇ.”

ರುಕ್ಮಿಣಮ್ಮನವರೂ ಸಂತೋಷದಿಂದಲೇ ಆ ಕಡೆ ನೋಡಿದರು. ಸ್ಟೀರಿಂಗ್ ಬಂಡೆಯಂತೆ ನಿಂತಿತ್ತು. ಅದರ ಮೇಲೆ ಗಂಡನ ಎಡಗೈ ಇತ್ತು. ಹೆಬ್ಬೆರಳು ಮತ್ತು ತೋರುಬೆರಳು ಒಂದನ್ನೊಂದು ಉಜ್ಜುತ್ತ, ಬಿಡದೆ, ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು. ಇಷ್ಟು ದಿನ ಗಾಡಿಯ ನಡುಕದಲ್ಲಿ ಮರೆಯಾಗಿದ್ದದ್ದು ಈಗ ಬಯಲಿಗೆ ಬಂದು ಕೂತಿತ್ತು. ನಂಜುಂಡಯ್ಯ ಹೆಂಡತಿಯ ದೃಷ್ಟಿ ಹಿಡಿದು ತಮ್ಮ ಕೈಯನ್ನು ನೋಡಿಕೊಂಡರು. ನಗು ನಿಂತಿತು. ವೇಗ ತಾನಾಗಿ ಇಳಿಯಿತು. ಅವರು ಕೈಯನ್ನು ಸ್ಟೀರಿಂಗ್‌ನಿಂದ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು, ಒಂದೇ ಕೈಯಲ್ಲಿ ಊರವರೆಗೂ ನಿಧಾನವಾಗಿ ಬಂದರು. ರುಕ್ಮಿಣಮ್ಮ ಏನೂ ಹೇಳಲಿಲ್ಲ. ಅಂದು ಹಜಾರದಲ್ಲಿ ಹೇಳದೆ ಉಳಿದದ್ದು ಕೀ ಕಸಿದಿತ್ತು. ಇವತ್ತು ಹೇಳಿದರೆ ಏನನ್ನು ಕಸಿಯುತ್ತದೋ ಎಂದು ಅವರಿಗೆ ಹೆದರಿಕೆಯಾಗಿತ್ತು.

ಮನೆ ಬಾಗಿಲಲ್ಲಿ ರಘು ನಿಂತಿದ್ದ. ಅಪ್ಪ ಇಳಿಯುತ್ತಿದ್ದಂತೆ ಕಾಲಿಗೆ ಬಿದ್ದ. ತಪ್ಪೆಲ್ಲ ನನ್ನದು, ನಿಮ್ಮ ಕೈಗೆ ಏನೂ ಆಗಿಲ್ಲ, ಕೀ ನಿಮ್ಮದೇ ಎಂದ. ನಂಜುಂಡಯ್ಯ ಅವನ ತಲೆ ಮುಟ್ಟಿದರು, ಬಲಗೈಯಲ್ಲಿ. ಕೀಯನ್ನು ತಾವೇ ಮೊಳೆಗೆ ಹಾಕಿದರು. ಆ ಸಂಜೆ ಹೇಮಾಶ್ರೀ ಪಾಯಸ ಮಾಡಿದಳು. ಅತ್ತೆಗೆ ಒಂದು ಚಮಚ ಮಾತ್ರ. ನಂಜುಂಡಯ್ಯ ಪಾಯಸವನ್ನು ಲೋಟದಲ್ಲಿ ಬೇಡ, ತಟ್ಟೆಗೇ ಹಾಕು ಎಂದರು.

ಮಂಗಳವಾರ ನಸುಕಿನಲ್ಲಿ ಎಂದಿನಂತೆ ಗಾಜು ಒರೆಸಿದರು, ಚಕ್ರದ ಗಾಳಿ ನೋಡಿದರು, ರುಕ್ಮಿಣಮ್ಮನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟರು. ಆಮೇಲೆ ಹಿಂದಿನ ಬಾಗಿಲು ತೆಗೆದು ತಾವು ಕೂತರು. ಊಟದ ಚೀಲ ಹಿಡಿದು ಬಂದ ಹೇಮಾಶ್ರೀ, ಬೀಳ್ಕೊಡಲು ನಿಂತಿದ್ದ ರಘು ಇಬ್ಬರಿಗೂ ಏನೂ ತಿಳಿಯಲಿಲ್ಲ. ನಂಜುಂಡಯ್ಯ ಕಿಟಕಿಯಿಂದ ಕೀ ಚಾಚಿದರು, ಸೊಸೆಯ ಕಡೆಗೆ.

“ಲೈಸೆನ್ಸ್ ಪರ್ಸಲ್ಲೈತಾ? ಹತ್ತವ್ವ. ಇನ್ಮೇಲೆ ಗಾಡಿ ನಿನ್ನ ಕೈಯಲ್ಲೇ ಇರ್ಲಿ.”

“ಯಾಕಪ್ಪ?” ಎಂದ ರಘು. “ಗಾಡಿ ಸರಿಹೋಗೈತಲ್ಲ.”

“ಅದಕ್ಕೇ ಕಣೋ,” ಅಂದರು ನಂಜುಂಡಯ್ಯ. “ಗಾಡಿ ಸರಿಹೋಗೈತೆ. ಅದಕ್ಕೇ.”

ರಘು ಅಪ್ಪನ ಕೈ ನೋಡಿದ. ಕೀ ಗೊಂಚಲು ಸಣ್ಣಗೆ ಸದ್ದು ಮಾಡುತ್ತಿತ್ತು. ಅವನು ಬೇರೆ ಕಡೆ ಮುಖ ತಿರುಗಿಸಿದ.

ಹೇಮಾಶ್ರೀ ಜಾವಗಲ್‌ವರೆಗೆ ಹೆದರಿಕೊಂಡೇ ಓಡಿಸಿದಳು. ಮಾವ ಹಿಂದಿನಿಂದ ಒಂದು ಮಾತೂ ಆಡಲಿಲ್ಲ. ಬಾಣಾವರ ದಾಟಿದ ಮೇಲೆ ಮಾತ್ರ, ಹೋಗಲಿ, ಇನ್ನೂ ಬಿಡು ಎಂದರು. ಕಾರು ವೇಗ ಹಿಡಿಯಿತು. ಸ್ಟೀರಿಂಗ್, ಗಣಪತಿ, ಚೀಟಿಗಳು, ಎಲ್ಲವೂ ಇದ್ದಲ್ಲೇ ಇದ್ದವು. ರುಕ್ಮಿಣಮ್ಮನವರ ಸೀಟಿನ ಬೆನ್ನಿಗೆ ಹಿಂದಿನಿಂದ ಒಂದು ಕೈ ಆನಿಸಿಕೊಂಡಿತ್ತು. ಅದರ ನಡುಕ ದಿಂಬು ದಾಟಿ ಅವರ ಬೆನ್ನಿಗೆ ಬರುತ್ತಿತ್ತು. ಅವರು ಸೂಜಿ ಚುಚ್ಚದ ಕೈಯನ್ನು ಭುಜದ ಮೇಲಿಂದ ಹಿಂದಕ್ಕೆ ಹಾಕಿ ಆ ಬೆರಳುಗಳನ್ನು ಹಿಡಿದುಕೊಂಡರು. ನಡುಕ ನಿಲ್ಲಲಿಲ್ಲ, ಆದರೂ ಅವರು ಬಿಡಲಿಲ್ಲ.

ಆ ದಿನ ಅವರು ಸರದಿಯ ಹೊತ್ತಿಗೆ ಮೊದಲೇ ಅರಸೀಕೆರೆ ಮುಟ್ಟಿದರು.